ಬಾವಿ ಬೀದಿ ಇಲ್ಲದ ನಕ್ಷೆ

ಸಾಕಕ್ಕ, ಬಾವಿ ಬೀದಿಯನ್ನು ವಾರ್ಡಿನಿಂದ ಕಿತ್ತು ಹಾಕಿದ್ದು ಅಧಿಕಾರಿಗಳಲ್ಲ — ನಾನು. ನೀನು ಮದುವೆಯಾಗಿ ಬಂದ ಬೀದಿಯನ್ನು ಅಳಿಸಿದ್ದು ಈ ಕೈ. ಇಷ್ಟು ವರ್ಷ ನಿನ್ನ ಮನೆಯಲ್ಲಿ ಕುಳಿತು ಟೀ ಕುಡಿದಿದ್ದೇನೆ, ಹೇಳಲಿಲ್ಲ.

ಚನ್ನಪಟ್ಟಣದ ನಮ್ಮ ಬಡಾವಣೆಯನ್ನು ತುಂಡು ಮಾಡಿ ಮೂರು ವಾರ್ಡುಗಳಿಗೆ ಹಂಚಿದ ಕರಡು ಪಟ್ಟಿ ಹೊರಬಿದ್ದ ದಿನ, ನೀನು ನಮ್ಮಪ್ಪನ ಗೊಂಬೆ ಕಾರ್ಖಾನೆಯಿಂದ ಎದ್ದು, ಅರಗಿನ ಬಣ್ಣ ಮೆತ್ತಿದ ಕೈಯಲ್ಲೇ ನನ್ನ ಡಿಟಿಪಿ ಅಂಗಡಿಗೆ ಬಂದೆ. ಹಾಗೆ ಹಂಚಿಹೋದರೆ ನಮ್ಮವರು ಯಾವ ವಾರ್ಡಿನಲ್ಲೂ ಗೆಲ್ಲುವಷ್ಟು ಮಂದಿ ಇರುವುದಿಲ್ಲ, ಚರಂಡಿ ಕಟ್ಟಿಕೊಂಡರೆ ಕೇಳುವವರೇ ಇರುವುದಿಲ್ಲ — ಇದು ಓದು ಬಾರದವರಿಗೂ ತಿಳಿಯಬೇಕಿತ್ತು.

“ನೋಡಿದ್ ತಕ್ಷಣ ಹೊಟ್ಟೆ ಉರೀಬೇಕು, ಹಂಗೊಂದ್ ಪೋಸ್ಟರ್ ಮಾಡ್ಕೊಡು ಮಗ” ಎಂದೆ ನೀನು.

ಮಾಡಿಕೊಟ್ಟೆ. ಒಂದು ಬದಿಗೆ ಮೂರು ಬಣ್ಣಗಳಾಗಿ ಸೀಳಿಹೋದ ಬಡಾವಣೆ. ಇನ್ನೊಂದು ಬದಿಗೆ ನಾವು ಕೇಳುವ ವಾರ್ಡು — ಇಡಿಯಾಗಿ ಹಳದಿ. ಬಾವಿ ಬೀದಿ ಮಾತ್ರ ಆ ಹಳದಿಯಿಂದ ಉದ್ದಕ್ಕೆ ಹೊರಗೆ ಚಾಚಿಕೊಂಡಿತ್ತು. ಮಗುವಿನ ಕೈಗೆ ಚುಚ್ಚೀತೆಂದು ಅಪ್ಪ ಪ್ರತಿ ಗೊಂಬೆಯ ಮೂಲೆಯನ್ನೂ ಸವರುತ್ತಿದ್ದುದನ್ನು ನೋಡಿಯೇ ಬೆಳೆದವನು ನಾನು. ಅದು ಬೀದಿ ಎಂಬುದನ್ನೇ ಮರೆತು, ಆ ಚಾಚಿದ ತುದಿಯನ್ನು ನಾನೂ ಸವರಿ ತೆಗೆದೆ. ಗುಂಡಗೆ, ಮುದ್ದಾಗಿ ಬಂತು. ಅನ್ಯಾಯ ಅಂಕುಡೊಂಕಾಗಿ, ನ್ಯಾಯ ಚಂದವಾಗಿ ಕಾಣಲಿ ಎಂಬ ಹುಚ್ಚು ನನಗೆ. ನಕ್ಷೆ ನೋಡಿ ನಿನಗೆ ಅಭ್ಯಾಸವಿರಲಿಲ್ಲ. ನಾನು ಮಾಡಿದ್ದೆಂದ ಮೇಲೆ ಸರಿಯಾಗೇ ಇರುತ್ತದೆಂದು ನೀನು ನಂಬಿದೆ.

ಪೋಸ್ಟರ್ ಗೋಡೆ ಹತ್ತಿತು. ಜನ ನಿಂತು ನೋಡಿದರು, ಬೈದರು, ನನ್ನ ಬೆನ್ನು ತಟ್ಟಿದರು. ಬಸ್ ನಿಲ್ದಾಣದ ಗೋಡೆಯ ಮುಂದೆ ಬೀಗುತ್ತಾ ನಿಂತಿದ್ದಾಗ ನನಗೆ ಹೊಳೆಯಿತು — ಬಾವಿ ಬೀದಿ ಎಲ್ಲಿ? ಇದು ಪೋಸ್ಟರ್ ತಾನೇ, ಸರ್ವೆ ನಕ್ಷೆಯಲ್ಲವಲ್ಲ ಎಂದುಕೊಂಡೆ. ಅದೇ ನಕ್ಷೆಯನ್ನು ಆಕ್ಷೇಪಣೆ ಅರ್ಜಿಯ ಜೊತೆ ಕೊಡುತ್ತೇವೆಂದು ನೀನು ಹೇಳಿದಾಗಲೂ — ಸಿಕ್ಕ ಹೊಗಳಿಕೆ ಬಿಡಲಾಗದೆ, ಅದನ್ನೇ ಮುದ್ರಿಸಿ ಕೊಟ್ಟೆ.

ಅರ್ಜಿ ಮಾನ್ಯವಾಯಿತು. ಪಟಾಕಿ ಹೊಡೆದೆವು. ನನ್ನ ಗುಂಡನೆಯ ಗೆರೆಯೇ ವಾರ್ಡಿನ ಗಡಿಯಾಯಿತು, ಬಾವಿ ಬೀದಿ ಹೆದ್ದಾರಿಯಾಚೆಯ ವಾರ್ಡಿಗೆ ಸೇರಿಹೋಯಿತು.

ನಮ್ಮ ವಾರ್ಡಿನಿಂದ ನೀನೇ ಚುನಾವಣೆಗೆ ನಿಂತೆ. ನಿನ್ನ ಮನೆ ಆಚೆಯ ವಾರ್ಡಿನಲ್ಲಿ, ನಿನಗೆ ನೀನೇ ಓಟು ಹಾಕುವಂತಿರಲಿಲ್ಲ. ಸ್ವಲ್ಪದರಲ್ಲಿ ಸೋತೆ. ಸೋಲನ್ನು ನೀನು ಹೇಗೋ ನುಂಗಿಕೊಂಡೆ. ಬಾವಿ ಬೀದಿಯವರ ಮಾತನ್ನು ನುಂಗಲಾಗಲಿಲ್ಲ. “ವಾರ್ಡು ಸಿಗ್ಲಿ ಅಂತ ನಮ್ಮನ್ನ ಬುಟ್ಕೊಟ್ಬುಟ್ಲು” ಎಂದರು. ನಿನ್ನ ಮಗಳ ಸೀಮಂತಕ್ಕೆ ಕರೆಯಲು ಹೋದರೆ ಯಾರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಆ ದಿನ ಆರತಿ ಎತ್ತಲು ಅಕ್ಕಪಕ್ಕದ ಒಬ್ಬ ಹೆಂಗಸೂ ಬರಲಿಲ್ಲ. ಹಸಿರು ಬಳೆ ತೊಟ್ಟ ಮಗಳು ಬಾಗಿಲ ಕಡೆಯೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಅಳು ಬಂತು. ಹೇಳಿಬಿಡೋಣವೆಂದು ಬಾಯಿ ತೆರೆದೆ — ನೀನೇ ನನ್ನ ಕೈ ಹಿಡಿದೆ.

“ನೀನ್ಯಾಕ್ ಅಳ್ತೀಯ ಮಗ? ನೀನ್ ಸರಿಯಾಗೇ ಬರ್ದಿದ್ದೆ. ಆ ಆಫೀಸ್ನೋರೇ ಕಿತ್ತಾಕವ್ರೆ.”

ಹೂಂ ಅಂದೆ, ಅಕ್ಕ. ಹೂಂ ಅಂದುಬಿಟ್ಟೆ.

ನಾಳೆ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಬಾವಿ ಬೀದಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಇರುತ್ತಾರೆ. ಆ ಪೋಸ್ಟರ್ ಹಿಡಿದು ಅಲ್ಲಿ ನಿಲ್ಲುತ್ತೇನೆ, ಸವರಿದ ಜಾಗಕ್ಕೆ ಬೆರಳಿಟ್ಟು ತೋರಿಸುತ್ತೇನೆ. ಮುಖಕ್ಕೆ ಉಗಿದರೂ ಒರೆಸಿಕೊಳ್ಳದೆ ನಿಲ್ಲುತ್ತೇನೆ. ಆದರೆ ಅವರಿಗಿಂತ ಮೊದಲು ನಿನಗೆ ತಿಳಿಯಬೇಕು, ಅದಕ್ಕೇ ಈ ಕಾಗದ. ನಿನ್ನ ಮನೆಯ ದೇವರ ಪಟದ ಪಕ್ಕದಲ್ಲಿ ಇವತ್ತಿಗೂ ಆ ಪೋಸ್ಟರ್ ಇದೆ. ಒಮ್ಮೆ ಕನ್ನಡಕ ಹಾಕಿಕೊಂಡು, ಅದರಲ್ಲಿ ನಿನ್ನ ಮನೆಯನ್ನು ಹುಡುಕು, ಅಕ್ಕ.