ನೀಲವ್ವ ಅಕ್ಕೋರ ಚಾಳೀಸು

ನೀಲವ್ವ ಅಕ್ಕೋರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಆಡಿದ ಮಾತು ಪತ್ರಿಕೆಯದು, ತೆಗೆದು ಆಡಿದ್ದು ಅವರ ಸ್ವಂತದ್ದು. ಸಿಂದಗಿಯ ನಮ್ಮ ಓಣಿಯ ಕಾಯ್ದೆ ಅದು. ಒಮ್ಮೆ ಓದುತ್ತ ಓದುತ್ತ ಅವರು “ಈ ಮಂತ್ರಿಗೆ ಬುದ್ಧಿ ಇಲ್ಲ” ಎಂದುಬಿಟ್ಟಿದ್ದರು. ಪೇಪರಿನಲ್ಲೇ ಬಂದಿದೆಯೆಂದು ನಾವು ಹೆಂಗಸರು ಅದನ್ನು ಮನೆಮನೆಗೆ ಹಂಚಿ ಬಂದೆವು. ಅಂದಿನಿಂದ ಈ ವ್ಯವಸ್ಥೆ.

“ನನ್ನ ಮಾತು ಪೇಪರಿನ್ಯಾಗ ಕಲಸಿದ್ರ ಹಾಲಿಗೆ ನೀರು ಬೆರಸಿದಂಗ” ಎನ್ನುವರು.

ಹುಬ್ಬಳ್ಳಿಯ ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ತಾವು ಕಲಿಸುವ ಹೆಣ್ಣುಮಕ್ಕಳ ಸಾಲೆ ಬಿಟ್ಟ ಮೇಲೆ ಅಕ್ಕೋರು ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುವರು. ನಾವು ಜೋಳ ಹಸನು ಮಾಡುತ್ತ ಕೇಳುವೆವು. ನಾನಾಗ ಹೊಸ ಸೊಸೆ. ಓದು ಬರುತ್ತಿದ್ದರೂ ಮಾವನವರೆದುರು ಪತ್ರಿಕೆ ಹಿಡಿಯುವ ಧೈರ್ಯವಿರಲಿಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ ಹೊಸತರಲ್ಲಿ ಚುನಾವಣೆ ಬಂತು. ಅಕ್ಕೋರ ತಮ್ಮ ಗುರಪ್ಪ ನಿಂತ. ವಿಧವೆ ಅಕ್ಕೋರಿಗೆ ತವರೆಂದರೆ ಅವನೊಬ್ಬನೇ. ಪ್ರತಿ ಪಂಚಮಿಗೆ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದ. ದೊಡ್ಡ ದವಾಖಾನೆ ಸಿಂದಗಿಗೇ ಎಂದು ಅವನು ಭಾಷಣ ಮಾಡಿದ್ದನ್ನು ಪತ್ರಿಕೆಯಲ್ಲಿ ಕೇಳಿ ಓಣಿಯೆಲ್ಲ ಅವನ ಕಡೆಗೇ ವಾಲಿತ್ತು. ಮುಂದಿನ ವಾರ ಅದೇ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ಅದೇ ದವಾಖಾನೆಯನ್ನು ಆ ಪುಣ್ಯಾತ್ಮ ಭಾಷಣದಲ್ಲಿ ದೇವರ ಹಿಪ್ಪರಗಿ ಎಂಬ ಊರಿಗೂ ಕೊಟ್ಟು ಬಂದಿದ್ದ.

ಅಂದು ಓದು ಶುರುವಾಗುವ ಮೊದಲೇ ಗುರಪ್ಪ ಓಡಿ ಬಂದ.

“ಅಕ್ಕಾ, ಹಿಪ್ಪರಗಿ ಸುದ್ದಿ ಅಷ್ಟು ಬಿಟ್ಟು ಓದು. ಈ ಓಣಿ ಓಟು ನಿನ್ನ ಬಾಯಾಗ ಐತಿ.”

“ಬಿಟ್ಟು ಓದಿದ್ರ ಅದು ಓದಲ್ಲೋ ತಮ್ಮಾ.”

“ಓದಿದಿ ಅಂದ್ರ ಪಂಚಮಿಗೆ ನನ್ನ ಹಾದಿ ನೋಡಬ್ಯಾಡ.”

ಅಕ್ಕೋರು ಚಾಳೀಸು ಏರಿಸಿ, ಅವನೆದುರೇ, ಒಂದಕ್ಷರ ಬಿಡದೆ ಓದಿದರು. ನನಗಂತೂ ಎದೆ ಉಬ್ಬಿತು. ಗುರಪ್ಪ ತಿರುಗಿ ನೋಡದೆ ಹೋದ.

ಪಕ್ಕದ ಮನೆಯ ಹುಸೇನಬಿ ಕೇಳಿದಳು: “ಈಗ ಯಾರಿಗೆ ಹಾಕೂಣ್ರಿ?”

ಅಕ್ಕೋರು ಚಾಳೀಸು ತೆಗೆದರು. “ನಾ ಗುರಪ್ಪಗ ಹಾಕತೇನಿ, ಅವ ನನ್ನ ತಮ್ಮ. ನಿಮಗ ಅವ ಏನೂ ಆಗಬೇಕಾಗಿಲ್ಲ.”

ನಾನು ಮನೆಯಲ್ಲಿ ಯಾರನ್ನೂ ಕೇಳದೆ ಬೇರೆಯವರಿಗೆ ಹಾಕಿ ಬಂದೆ. ಗುರಪ್ಪ ಸೋತ. ಪಂಚಮಿಗೆ ಚಕ್ಕಡಿ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅಕ್ಕೋರು ತಾವೇ ಎಳ್ಳುಂಡಿ ಕಟ್ಟಿ ಓಣಿಗೆಲ್ಲ ಹಂಚಿದರು. ಓದು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಆಮೇಲೊಂದು ಬೇಸಿಗೆಯಲ್ಲಿ ಜ್ವರ ಬಂದು ಅಕ್ಕೋರು ತೀರಿಕೊಂಡರು. ಮಣ್ಣಿಗೆ ಬಂದ ಗುರಪ್ಪ ಎಲ್ಲ ಮುಗಿದ ಮೇಲೆ ಹುಸೇನಬಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಕ್ಕ ಆವತ್ತು ಓಟು ಯಾರಿಗೆ ಹಾಕಿದ್ಲು, ನಿಮಗೇನರ ಗೊತ್ತೈತೇನ್ರಿ?”

“ನಿಮಗ ಹಾಕಿದ್ರು. ನಮ್ಮ ಓಣಿಯಾಗ ನಿಮಗ ಬಿದ್ದದ್ದು ಅದೊಂದ” ಎಂದಳು ಹುಸೇನಬಿ.

ಅಲ್ಲಿಯವರೆಗೂ ಗಟ್ಟಿಯಾಗಿ ನಿಂತಿದ್ದ ಗುರಪ್ಪ ಅಕ್ಕನ ಮನೆಯ ಹೊಸ್ತಿಲಲ್ಲಿ ಕುಸಿದು ಕುಳಿತು ಅತ್ತ.