ಅಳಿಸಿಹೋದ ಆರು ನಂಬರುಗಳು

ಲೋಂಡಾದ ಮದರಬೀ ಮೂವತ್ತು ವರ್ಷ ರಫೂ ಮಾಡಿದವಳು. ಅವಳ ಕೈಗೆ ಬಂದ ಸೀರೆ ಎಲ್ಲಿ ಹರಿದಿತ್ತೆಂದು ಉಟ್ಟವರಿಗೇ ತಿಳಿಯುತ್ತಿರಲಿಲ್ಲ. ಹಕ್ಕಿಗಳ ಅಧ್ಯಯನಕ್ಕೆಂದು ಬೆಳಗಾವಿಯಿಂದ ಬಂದ ಐಶ್ವರ್ಯಾ, ಬಲೆಗೆ ಬಿದ್ದ ಹಕ್ಕಿ ಬಿಡಿಸಲು ಅವಳನ್ನೇ ಗೊತ್ತುಮಾಡಿಕೊಂಡಳು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಗರಿಯೂ ಮುರಿಯದಂತೆ ಬಿಡಿಸುವುದು ಅವಳಿಗೆ ಕರಗತವಾಗಿತ್ತು.

ಹೆಬ್ಬೆರಳ ಗಾತ್ರದ ಹಸಿರು ಉಲಿಯಕ್ಕಿಗಳು ಅವು. ಬೇಸಿಗೆಯಲ್ಲಿ ದೂರದ ಹಿಮಾಲಯದ ಕಡೆ ಮರಿಮಾಡಿ, ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಕೆಲವು ಲೋಂಡಾದ ದಟ್ಟ ಕಾಡಿಗೆ, ಕೆಲವು ಬೀಡಿ ಎಂಬ ಊರಿನ ಹೊಲದಂಚಿನ ಜಾಲಿಪೊದೆಗಳಿಗೆ. ನೋಡಲು ಎಲ್ಲವೂ ಒಂದೇ. ಇಳಿಯುವ ನೆಲ ಬೇರೆಯಾದರೆ ರಕ್ತದೊಳಗಿನ ವಂಶದ ಗುರುತೂ ಬೇರೆಯೇ? ಅದನ್ನು ತಿಳಿಯಲು ಐಶ್ವರ್ಯಾ ಒಂದೊಂದು ಹಕ್ಕಿಯ ಒಂದು ಹನಿ ರಕ್ತವನ್ನು ಸ್ಪಿರಿಟ್ ಇರುವ ಪುಟ್ಟ ಶೀಶೆಗೆ ಹಾಕಿ, ಹಕ್ಕಿಯನ್ನು ಹಾರಿಬಿಡುತ್ತಿದ್ದಳು.

ಮಾರ್ಚ್ ಕೊನೆಯ ಒಂದು ಮಧ್ಯಾಹ್ನ. ಖಾನಾಪುರದ ಬಾಡಿಗೆ ಕೋಣೆಯಲ್ಲಿ ಮದರಬೀ ಒಬ್ಬಳೇ ಇದ್ದಾಗ ಸೆರಗು ಸಿಕ್ಕಿ ಶೀಶೆಗಳ ತಟ್ಟೆ ಉರುಳಿತು. ಆರು ಶೀಶೆಗಳಿಂದ ಸ್ಪಿರಿಟ್ ಸೋರಿ, ಮೇಲೆ ಬರೆದ ನಂಬರುಗಳು ಅವಳ ಕಣ್ಣೆದುರೇ ನೀಲಿ ನೀರಾದವು. ಯಾವುದು ಲೋಂಡಾದ್ದು, ಯಾವುದು ಬೀಡಿಯದ್ದು, ಇನ್ನು ದೇವರಿಗೇ ಗೊತ್ತು. ಅಳಿಸಿದ ಆರು ನಂಬರುಗಳು ಐಶ್ವರ್ಯಾಳ ವಹಿಯಲ್ಲಿದ್ದವು, ಪೆನ್ನು ಪಕ್ಕದಲ್ಲೇ ಇತ್ತು. ಹೇಗೋ ಬರೆದಿಟ್ಟರೆ ಕೇಳುವವರಿಲ್ಲ. ಒಂದರ ಮೇಲೆ ಬರೆದೂಬಿಟ್ಟಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು.

ಶೀಶೆಗಳನ್ನು ಸೋಮವಾರವೇ ಪರೀಕ್ಷೆಗೆ ಕಳಿಸಬೇಕೆಂದು ಐಶ್ವರ್ಯಾ ಖುಷಿಯಿಂದ ಪೆಟ್ಟಿಗೆ ತುಂಬತೊಡಗಿದಳು. ಮದರಬೀ ಪೆಟ್ಟಿಗೆಗೆ ಕೈ ಅಡ್ಡ ಹಿಡಿದಳು.

"ಮೇಡಮ್, ಆ ಕಡೀ ಆರು ಹಾಕಬ್ಯಾಡ್ರಿ. ನನ್ನ ಕೈಲೆ ಬಿದ್ದು ನಂಬರ ಅಳಿಸ್ಯಾವ. ಒಂದರ ಮ್ಯಾಲೆ ನಾನ ಸುಳ್ಳ ಬರದೀನಿ."

ಐಶ್ವರ್ಯಾ ಪೆಟ್ಟಿಗೆ ಕೆಳಗಿಟ್ಟಳು. ಬಲೆ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಉಳಿದದ್ದು ಐದೇ ದಿನ. ಹಕ್ಕಿಗಳೂ ಹೊರಡುವ ಹೊತ್ತು. ಕೆಲಸ ಹೋಯಿತೆಂದೇ ಮದರಬೀ ಚಪ್ಪಲಿ ಹುಡುಕತೊಡಗಿದಳು.

"ಇನ್ನೊಮ್ಮೆ ಬಲೆ ಕಟ್ಟೂಣ್ರಿ, ಚಾಚಿ," ಎಂದಳು ಐಶ್ವರ್ಯಾ, ಅವಳ ಮುಖ ನೋಡದೆ.

ಲೋಂಡಾದಲ್ಲಿ ಎರಡು ದಿನಕ್ಕೆ ಮೂರು ಹಕ್ಕಿ ಸಿಕ್ಕವು. ಬೀಡಿಯಲ್ಲಿ ಎರಡು ದಿನ ಬಲೆ ಖಾಲಿ. ಕೊನೆಯ ದಿನ ಬಿಸಿಲೇರುವ ಮೊದಲು ಎರಡು ಬಿದ್ದವು, ಏರಿದ ಮೇಲೆ ಮೂರನೆಯದು. ಅದರ ನಾಲಿಗೆಗೆ ಬಲೆಯ ನೂಲು ಸುತ್ತಿಕೊಂಡು ಕತ್ತು ಜೋತುಬಿದ್ದಿತ್ತು. ಐಶ್ವರ್ಯಾ ಕತ್ತರಿ ತೆಗೆದಳು. ಮದರಬೀ ಅವಳನ್ನು ತಡೆದು, ಉಗುರ ತುದಿಯಿಂದ ನೂಲನ್ನು ಒಂದೊಂದೇ ಸುತ್ತು ಜಾರಿಸಿದಳು. ನೆರಳಿಗೆ ಒಯ್ದು ಕೊಕ್ಕಿಗೆ ಸಕ್ಕರೆ ನೀರು ಮುಟ್ಟಿಸಿದಳು. ಹಕ್ಕಿ ಕಣ್ಣು ತೆರೆಯಿತು.

ಸೂಜಿ ಸಿದ್ಧವಿತ್ತು. ಈ ಒಂದಾದರೆ ಆರೂ ತುಂಬುತ್ತಿದ್ದವು.

"ಇದಕ್ಕ ಚುಚ್ಚಬ್ಯಾಡ್ರಿ. ತಡಿಯೂದಿಲ್ಲ."

ಐಶ್ವರ್ಯಾ ಹಕ್ಕಿಯನ್ನು ನೋಡಿದಳು, ಖಾಲಿ ಶೀಶೆಯನ್ನು ನೋಡಿದಳು, ಅದರ ಮುಚ್ಚಳ ಬಿಗಿದುಬಿಟ್ಟಳು. ಕಾಲು ಗಂಟೆಯ ಮೇಲೆ ಹಕ್ಕಿ ಜಾಲಿಗೆ ಹಾರಿತು.

ಮಳೆಗಾಲದಲ್ಲಿ ಐಶ್ವರ್ಯಾ ತಾನೇ ಲೋಂಡಾಕ್ಕೆ ಬಂದು ಸುದ್ದಿ ಹೇಳಿದಳು. ಕಾಡಿನ ಹಕ್ಕಿಗೂ ಜಾಲಿಯ ಹಕ್ಕಿಗೂ ವಂಶದಲ್ಲಿ ಸಣ್ಣದಾದರೂ ಸ್ಪಷ್ಟವಾದ ವ್ಯತ್ಯಾಸ ಕಂಡಿತ್ತು. ಆ ಆರಕ್ಕೆ ಸುಳ್ಳು ನಂಬರು ಹೋಗಿದ್ದರೆ ಅದು ಮಸುಕಾಗುತ್ತಿತ್ತು ಎಂದಳು. ಮದರಬೀ ಚಹಾದ ಕಪ್ಪು ಮುಂದಿಟ್ಟಳು.

"ಮುಂದ ಪೆನ್ಸಿಲ್ಲಲೆ ಬರೀರಿ. ಸ್ಪಿರಿಟ್ ಹಚ್ಚಿ ನೋಡೀನಿ, ಅಳಸೂದಿಲ್ಲ."