ಕಟ್ಟೆಯ ಮುಂದೆ ಕಪ್ಪಾದ ಪ್ಲಗ್

ಕಿರುಬೆರಳಿನಷ್ಟು ಉದ್ದದ ಒಂದು ಸ್ಪಾರ್ಕ್ ಪ್ಲಗ್ ನನ್ನನ್ನು ಮೂರು ವಾರ ಕುಣಿಸಿತು. ಈಗಲೂ ನೆನೆದರೆ ಮೈ ಉರಿಯುತ್ತದೆ.

ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮನೆ ಘೋಡಗೇರಿಯಲ್ಲಿ. ಕಾಲೇಜಿನ ದಿನಗಳಲ್ಲಿ ಓಡಿಸಿದ ಟೂ-ಸ್ಟ್ರೋಕ್ ಬೈಕು ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತ ಬಿದ್ದಿತ್ತು. ಹುಕ್ಕೇರಿ ಕಡೆ ಕಲ್ಲುಗುಡ್ಡ ಹತ್ತುವ ಬೈಕ್ ಸ್ಪರ್ಧೆ ಇದೆ ಎಂದು ಕೇಳಿದ್ದೇ ತಡ, ಐವತ್ತು ದಾಟಿದ ನನಗೆ ಹುಚ್ಚು ಹಿಡಿಯಿತು. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಸಂಕೇಶ್ವರದ ಚಾಚಾನ ಗ್ಯಾರೇಜಿಗೆ ಒಯ್ದೆ. ಹಳೆಯ ಗಾಡಿಗಳಿಗೆ ನಮ್ಮ ಕಡೆ ಅವನೊಬ್ಬನೇ ಮಿಸ್ತ್ರಿ.

ಚಾಚಾ ಎಂಜಿನ್ನಿಗೆ ಜೀವ ಕೊಟ್ಟ. ಆದರೆ ಗಾಡಿ ಕೊಡುವಾಗ ಮುಖ ಸಣ್ಣದು ಮಾಡಿಕೊಂಡೇ ಹೇಳಿದ: “ಮಾಸ್ತರ, ಇದು ಕಡೀ ಬೋರ್ ಐತ್ರಿ. ಸಿಲಿಂಡರ್ ಇನ್ನ ಕೊರಿಯಾಕ ಬರೂದಿಲ್ಲ. ಇನ್ನೊಮ್ಮೆ ಪಿಸ್ಟನ್ ಹಿಡಕೊಂಡ್ರ ಎಂಜಿನ್ ಮುಗೀತಂತ ತಿಳೀರಿ. ಇದರದು ಬ್ಯಾರೆ ಸಿಲಿಂಡರ್ ಎಲ್ಲೂ ಸಿಗೂದಿಲ್ಲ.”

ಪೆಟ್ರೋಲು ಎಷ್ಟು ಬಿಡಬೇಕೆಂಬ ಲೆಕ್ಕ ಮಾತ್ರ ನನ್ನ ಪಾಲಿಗೆ ಬಿಟ್ಟ. “ಹೊಲದ ದಾರ್ಯಾಗ ಪೂರಾ ರೇಸ್ ಕೊಟ್ಟು ಓಡಿಸ್ರಿ. ಅಲ್ಲೇ ಬಂದ್ ಮಾಡಿ ಪ್ಲಗ್ ಬಿಚ್ಚಿ ನೋಡ್ರಿ. ತುದಿ ಬಿಸ್ಕೀಟ್ ಬಣ್ಣ ಇದ್ರ ಬರೋಬ್ಬರಿ. ಕಪ್ಪ ಇದ್ರ ಪೆಟ್ರೋಲ್ ಹೆಚ್ಚ, ಬೆಳ್ಳಗ ಇದ್ರ ಕಡಿಮಿ. ಬೆಳ್ಳಗ ಆತಂದ್ರ ಅಂಜ್ರಿ, ಎಂಜಿನ್ ಕಾದು ಪಿಸ್ಟನ್ ಹಿಡಕೊಂತೈತಿ.”

ಇಷ್ಟೇ ತಾನೆ ಎಂದುಕೊಂಡೆ. ದಿನಾ ಮಕ್ಕಳಿಗೆ ಪ್ರಯೋಗ ಮಾಡಿಸುವವನಿಗೆ ಇದೇನು ಮಹಾ.

ಶಾಲೆಯಿಂದ ಬಂದ ಕೂಡಲೇ ಊರ ಹೊರಗಿನ ಕಲ್ಲು ದಿಬ್ಬಕ್ಕೆ ಹೋಗುತ್ತಿದ್ದೆ. ಪೂರಾ ರೇಸ್ ಕೊಟ್ಟು ಎರಡು ಸಲ ಹತ್ತಿ ಇಳಿದು, ಮನೆಗೆ ಬಂದು, ಜಗಲಿಯ ಮೇಲೆ ಕೂತು ಆರಾಮಾಗಿ ಪ್ಲಗ್ ಬಿಚ್ಚುತ್ತಿದ್ದೆ. ದಿಬ್ಬದ ಮೇಲೆಯೇ ಪ್ಲಗ್ ಬಿಚ್ಚುವ ಪಾನಾ ಹಿಡಿದು ಕುಕ್ಕರಗಾಲಲ್ಲಿ ಕೂತರೆ ಕಬ್ಬಿನ ಹೊಲದವರೆಲ್ಲ ಬಂದು ಸುತ್ತ ನಿಂತು, “ಏನ್ ಆತ್ರಿ ಮಾಸ್ತರ, ಕೆಟ್ಟು ನಿಂತೈತೇನ್ರಿ” ಎಂದು ಕೇಳುತ್ತಾರೆ. ಆ ಮಾನಗೇಡು ನನಗೆ ಬೇಡವಾಗಿತ್ತು.

ಪ್ಲಗ್ ಕಪ್ಪು. ಮಸಿ ಹಿಡಿದ ಬೋಗುಣಿಯ ತಳದಷ್ಟು ಕಪ್ಪು.

ಗೋಕಾಕದ ಪೇಟೆಯಲ್ಲಿ ಅಲೆದಾಡಿ ಜೆಟ್ ತಂದೆ. ಕಾರ್ಬ್ಯುರೇಟರಿನೊಳಗೆ ಕೂರುವ ಹಿತ್ತಾಳೆಯ ಸಣ್ಣ ತುಂಡು ಅದು. ತೂತು ಸಣ್ಣದಾದಷ್ಟೂ ಪೆಟ್ರೋಲು ಕಡಿಮೆ. ಒಂದು ನಂಬರ್ ಇಳಿಸಿದೆ, ಕಪ್ಪು. ಮತ್ತೊಂದು ಇಳಿಸಿದೆ, ಆಗಲೂ ಕಪ್ಪು. ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ಕೈ ತುಂಬ ಪೆಟ್ರೋಲಿನ ವಾಸನೆ. ಮನೆಯಾಕೆ ರೊಟ್ಟಿಯ ತಟ್ಟೆಯನ್ನು ದೂರದಿಂದಲೇ ಸರಿಸತೊಡಗಿದಳು. ಎಂಜಿನ್ ಮೊದಲಿನಿಂದಲೂ ಚೆನ್ನಾಗಿಯೇ ಓಡುತ್ತಿತ್ತು, ಅದು ಖರೆ. ಆದರೆ ನಾನು ಎಂಜಿನ್ನಿನ ಮಾತು ಕೇಳದೆ ಪ್ಲಗ್ಗಿನ ಬಣ್ಣ ನಂಬಿದೆ. ಸಿಟ್ಟಿನಲ್ಲಿ ಮೂರನೆಯ ಸಲ ಒಮ್ಮೆಗೇ ಎರಡು ನಂಬರ್ ಇಳಿಸಿಬಿಟ್ಟೆ.

ದಿಬ್ಬಕ್ಕೂ ಮನೆಗೂ ನಡುವೆ ಒಂದು ಬೇವಿನಮರ, ಅದರ ಕೆಳಗೆ ಕಟ್ಟೆ. ನನಗೆ ಅಕ್ಷರ ಕಲಿಸಿದ ಗುರುಗಳು ದಿನಾ ಸಂಜೆ ಅಲ್ಲಿ ಕೂತಿರುತ್ತಾರೆ. ಅವರನ್ನು ಕಂಡೂ ಕಾಣದಂತೆ ಗಾಡಿ ಓಡಿಸಿಕೊಂಡು ಹೋಗುವಷ್ಟು ನಾನು ಇನ್ನೂ ಕೆಟ್ಟಿಲ್ಲ. ದಿಬ್ಬದಿಂದ ಮರಳುವಾಗ ದಿನಾ ನಿಲ್ಲುತ್ತಿದ್ದೆ. ಬಿಸಿ ಎಂಜಿನ್ ಬಂದ್ ಮಾಡಿದರೆ ಮತ್ತೆ ಹತ್ತು ಸಲ ಕಿಕ್ ಹೊಡೆಯಬೇಕು. ಗುರುಗಳ ಮುಂದೆ ಆ ಫಜೀತಿ ಏಕೆಂದು ಚಾಲೂ ಇಟ್ಟುಕೊಂಡೇ ಮಾತಾಡುತ್ತಿದ್ದೆ. “ಊಟ ಆತೇನಪಾ?” ಎನ್ನುತ್ತಿದ್ದರು. “ಆತ್ರಿ ಸರ” ಎನ್ನುತ್ತಿದ್ದೆ. ಮಳೆ, ಬೆಳೆ, ಮೂಡಲಗಿಯ ನನ್ನ ಶಾಲೆ ಎಂದು ಕಾಲು ಗಂಟೆ ಸುಲಭವಾಗಿ ಕಳೆಯುತ್ತಿತ್ತು. ಗಾಡಿ ಪಕ್ಕದಲ್ಲಿ ಗಡಗಡ ಅನ್ನುತ್ತಲೇ ಇರುತ್ತಿತ್ತು.

ಸ್ಪರ್ಧೆಗೆ ಮೂರು ದಿನ ಉಳಿದಿತ್ತು. ಹೊಸ ಜೆಟ್ ಹಾಕಿಕೊಂಡು ದಿಬ್ಬ ಹತ್ತಿದೆ. ಅರ್ಧ ಏರುವಷ್ಟರಲ್ಲಿ ಕೀರ್ ಎಂಬ ಸದ್ದು ಬಂತು, ಹಿಂದಿನ ಗಾಲಿ ಗಕ್ಕನೆ ನಿಂತಿತು. ಪಿಸ್ಟನ್ ಹಿಡಿದುಕೊಂಡಿತ್ತು.

ಗಾಡಿಯ ಚೀಲದಲ್ಲಿ ಪಾನಾ ಇತ್ತು. ಮೂರು ವಾರದಲ್ಲಿ ಮೊದಲ ಸಲ ದಿಬ್ಬದ ಮೇಲೆಯೇ ಪ್ಲಗ್ ಬಿಚ್ಚಿದೆ. ತುದಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು.

ಚಾಚಾನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. “ಇಷ್ಟ ದಿನ ಪ್ಲಗ್ ಎಲ್ಲಿ ಬಿಚ್ಚತಿದ್ರಿ?” ಎಂದ.

“ಮನ್ಯಾಗ.”

“ನಡುವ ಗಾಡಿ ಚಾಲೂ ಇಟ್ಟು ಎಲ್ಲೆರ ನಿಂದ್ರತಿದ್ರೇನು?”

“ಗುರುಗಳ ಕಟ್ಟಿ ಮುಂದ, ಕಾಲ ತಾಸು.”

“ನಿಂತಲ್ಲೇ ಗಡಗಡ ಅಂದ್ರ ಯಾವ ಪ್ಲಗ್ ಆದ್ರೂ ಕರ್ರಗ ಆಗ್ತೈತ್ರಿ. ನೀವು ನೋಡಿದ್ದು ದಿಬ್ಬದ ಬಣ್ಣ ಅಲ್ಲ, ನಿಂತಿದ್ದರ ಬಣ್ಣ.” ಆಮೇಲೆ, “ಇನ್ನ ನನ್ನ ಕಡೆ ಏನೂ ಇಲ್ರಿ, ಮಾಸ್ತರ” ಎಂದ.

ಕುದಿಯುವ ನೀರನ್ನು ಇಳಿಸಿ, ಆರಿಸಿ, ಆಮೇಲೆ ಥರ್ಮಾಮೀಟರ್ ಅದ್ದುವ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನನ್ನನ್ನು ಯಾರು ನಿಲ್ಲಿಸಬೇಕು? ನನ್ನ ಮೇಲೆ ನನಗೆ ಅಸಹ್ಯವೇ ಬಂತು. ಗೇರ್ ನ್ಯೂಟ್ರಲ್‌ಗೆ ಹಾಕಿ ಗಾಡಿ ತಳ್ಳುತ್ತ ಹೊರಟೆ. ಬೇವಿನಮರ ಬಂತು. ಆ ದಿನ ಗುರುಗಳ ಮೇಲೂ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ನಿಂತೆ.

ಗುರುಗಳು ಗಾಡಿ ನೋಡಿದರು, ನನ್ನನ್ನು ನೋಡಿದರು. ಪಕ್ಕದ ಜಾಗವನ್ನು ಟವೆಲ್ಲಿನಿಂದ ಒರೆಸಿದರು.

“ಛಲೋ ಆತು, ಇವತ್ತ ಸಪ್ಪಳ ಇಲ್ಲ. ಕುಂದ್ರು,” ಎಂದರು. “ಇಷ್ಟ ದಿನ ಅದರ ಗದ್ದಲದಾಗ ನೀ ಏನ್ ಹೇಳತಿದ್ದಿ, ನನಗ ಒಂದೂ ಕೇಳತಿದ್ದಿಲ್ಲ. ಊಟ ಆತೇನು?”